ಒಲೆ ಮೊದಲು ಹತ್ತಿದ ದಿನ

ಒಲೆ ಗಾಡಿಯೊಳಕ್ಕೆ ಹೋಗುವುದನ್ನು ಅವಳು ಕಿಟಕಿಯಿಂದ ನೋಡಿದಳು. ಒಳಕ್ಕೆ ಎಂದರೆ ತೀರಾ ಒಳಕ್ಕೆ, ಡ್ರೈವರನ ಬೆನ್ನ ಹಿಂದಿನ ತಗಡಿಗೆ ತಾಗುವಷ್ಟು ಒಳಕ್ಕೆ. ಅದರ ಮೇಲೆ ಹಾಸಿಗೆಯ ಸುರುಳಿ, ಪಕ್ಕದಲ್ಲಿ ಪಾತ್ರೆಯ ಚೀಲ. ಆಮೇಲೆ ಗಂಡ ಬೀರುವನ್ನು ಬೆನ್ನ ಮೇಲೆ ಹೊತ್ತು ತಂದು ಅವಕ್ಕೆಲ್ಲ ಅಡ್ಡಲಾಗಿ ನಿಲ್ಲಿಸಿ ಹಗ್ಗ ಬಿಗಿದ. ಅವಳ ಕೈಯಲ್ಲಿದ್ದ ಪರದೆ ಅರ್ಧ ಮಡಚಿದಲ್ಲೇ ನಿಂತಿತು.

ಮದುವೆಯಾದಾಗಿನಿಂದ ಅವಳು ಮನೆ ಸಾಮಾನು ಸಾಗಿಸುವವನ ಹೆಂಡತಿ. ಊಟಕ್ಕೆ ಕೂತರೆ ಬೇರೆ ಗಂಡಸರು ರಾಜಕೀಯ ಮಾತಾಡುತ್ತಾರೆ, ಇವನು ಗಾಡಿ ತುಂಬುವ ಮಾತಾಡುತ್ತಾನೆ. ಕೊನೆಗೆ ಏರಿಸಿದ್ದು ಮೊದಲು ಇಳಿಯುತ್ತದೆ. ಆದ್ದರಿಂದ ಹೊಸ ಮನೆಯಲ್ಲಿ ಮೊದಲ ದಿನಕ್ಕೇ ಬೇಕಾಗುವ ಒಲೆ, ಹಾಸಿಗೆ, ಪಾತ್ರೆಗಳನ್ನು ಯಾವಾಗಲೂ ಕೊನೆಗೇ ಏರಿಸಬೇಕು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಅವಳು ಇದನ್ನು ಒಪ್ಪಿಸಿಯಾಳು. ಹೊಸ ಕೆಲಸಗಾರನೊಬ್ಬ ಒಲೆಯನ್ನು ಮೊದಲು ಏರಿಸಿದ್ದಕ್ಕೆ ಇವನು ಇಡೀ ಗಾಡಿಯನ್ನು ಇಳಿಸಿ ಮತ್ತೆ ತುಂಬಿಸಿದ ಕಥೆಯೂ ಅವಳಿಗೆ ಬಾಯಿಪಾಠ. ಅಂಥವನು ಸ್ವಂತ ಮನೆಯ ಒಲೆಯನ್ನು ಮೂಲೆಗೆ ತಳ್ಳಿದ್ದಾನೆ ಎಂದರೆ ಅದು ಇವತ್ತು ಉರಿಯುವುದಿಲ್ಲ. ಹೋಗುವುದಕ್ಕೆ ಮನೆಯೇ ಇಲ್ಲ.

ಅವರಿದ್ದ ಮನೆಯನ್ನು ರಜೆ ಮುಗಿದ ಕೂಡಲೇ ಕೆಡವುತ್ತಾರೆ. ಮಾಲೀಕರು ನಾಳೆ ಬೆಳಿಗ್ಗೆಯೇ ಹೆಂಡತಿ ಮಕ್ಕಳೊಂದಿಗೆ ಪ್ರವಾಸ ಹೊರಡುವವರು, ಇವತ್ತು ಸಂಜೆಯೊಳಗೆ ಬೀಗದ ಕೈ ತಮ್ಮ ಕೈ ಸೇರಬೇಕು ಎಂದಿದ್ದರು. ವರ್ಷದ ಕೊನೆಯ ರಜೆ. ಬೀದಿಯುದ್ದಕ್ಕೂ ಬಣ್ಣದ ಬಲ್ಬಿನ ಸರಗಳು ತೂಗುತ್ತಿದ್ದವು, ಅರ್ಧಕ್ಕರ್ಧ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಗಂಡ ಮಾತ್ರ ಒಂದು ವಾರದಿಂದ, "ಮನೆ ಸಿಕ್ಕಿದೆ, ಬಣ್ಣ ಹೊಡೀತಿದ್ದಾರೆ" ಎನ್ನುತ್ತಲೇ ಇದ್ದ. ಯಾವ ಬಣ್ಣ ಎಂದು ಮಗಳು ಕೇಳಿದ್ದಕ್ಕೆ ನೀಲಿ ಎಂದಿದ್ದ. ಬಚ್ಚಲು ಒಳಗಿದೆಯೇನೋ ಎಂದು ಅವನ ತಾಯಿ ಕೇಳಿದ್ದಕ್ಕೆ, ಒಂದಲ್ಲ ಎರಡಿವೆ ಎಂದಿದ್ದ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಹೇಳಲು ಹೊರಟರೆ ಹೀಗೆಯೇ, ಕೈ ತುಸು ಧಾರಾಳವಾಗಿಬಿಡುತ್ತದೆ.

ಅವಳು ಪರದೆಯನ್ನು ಅಲ್ಲೇ ಬಿಸಾಕಿ ಗಾಡಿಯ ಹಿಂದೆ ಬಂದಳು.

"ರೀ, ಒಲೆ ಯಾಕೆ ಒಳಗೆ ಹೋಯ್ತು?"

ಅವನು ಹಗ್ಗದ ಗಂಟನ್ನೇ ನೋಡುತ್ತ, "ಜಾಗ ನೋಡ್ಕೊಂಡು ಇಟ್ಟೆ" ಎಂದ.

"ನನ್ನ ಹತ್ರಾನೇ ಈ ಆಟನಾ? ಮನೆ ಇದೆಯಾ, ಇಲ್ವಾ? ಅಷ್ಟು ಹೇಳಿ ಸಾಕು."

ಬೀರು ಹೊತ್ತರೂ ಬಾಗದ ಬೆನ್ನು ಈಗ ಬಾಗಿತು. ಅವನು ಗಾಡಿಯ ಅಂಚಿನ ಮೇಲೆ ಕುಸಿದು ಕೂತ.

"ಇಲ್ಲ ಕಣೇ. ಎಲ್ಲಾ ಕಡೆ ಕೇಳ್ದೆ. ಯಾರೂ ಊರಲ್ಲೇ ಇಲ್ಲ. ಇರೋರು ರಜಾ ಮುಗೀಲಿ, ನೋಡೋಣ ಅಂತಾರೆ. ಸಾಮಾನು ಕಂಪನಿ ಗೋಡೌನಲ್ಲಿ ಇಡೋಕೆ ಒಪ್ಪಿಸಿದ್ದೀನಿ."

"ನಾವು? ನಮ್ಮನ್ನೂ ಗೋಡೌನಲ್ಲೇ ಜೋಡಿಸ್ತೀರಾ?"

"ಸ್ಟೇಷನ್ನಲ್ಲಿ ವೇಟಿಂಗ್ ರೂಮಿದೆಯಲ್ಲ. ಬಣ್ಣ ಒಣಗಿಲ್ಲ ಅಂತ ಅಮ್ಮಂಗೆ ಹೇಳಿ, ಒಂದೆರಡು ದಿನ..."

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅದರ ಬೆನ್ನಿಗೇ ಒಂದು ಬಗೆಯ ನಿರಾಳವೂ ಬಂತು. ವಾರದಿಂದ ಹಾಸಿಗೆಯಲ್ಲಿ ಹೊರಳಾಡುತ್ತಿದ್ದ ಗಂಡನಿಗೆ ಯಾವ ಕಾಯಿಲೆ ಅಂಟಿಕೊಂಡಿತೋ ಎಂದು ಅವಳು ಒಳಗೊಳಗೇ ಬೆಂದಿದ್ದಳು. ಸದ್ಯ, ಇಲ್ಲದ್ದು ಮನೆ ಮಾತ್ರ.

"ಊರಿನ ಮನೆಗಳನ್ನೆಲ್ಲ ಖಾಲಿ ಮಾಡೋರು ನೀವು. ಖಾಲಿ ಬಿದ್ದಿರೋ ಮನೆ ಒಂದೂ ಗೊತ್ತಿಲ್ವಾ?"

ಅವನು ಕೈಗೆ ಸಿಕ್ಕ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಮತ್ತೆ ಸುತ್ತಿದ.

"ಯಾವುದು? ಬಾಯಿ ಬಿಡಿ."

"ನರ್ಸಮ್ಮಂದು ಒಂದಿದೆ. ರಿಟೈರಾಗಿ ಮಗಳ ಮನೆಗೆ ಹೋದ್ರಲ್ಲ, ಹೋದ ತಿಂಗಳು ನಾವೇ ಸಾಗಿಸಿದ್ದು. ಒಳ್ಳೆ ಜನ ಸಿಕ್ಕಿದ್ರೆ ಬಾಡಿಗೆಗೆ ಕೊಡ್ಬೇಕು ಅಂತಿದ್ರು."

"ಮತ್ತೆ ಕೇಳೋಕೇನು ಧಾಡಿ?"

"ಯಾವ ಮುಖ ಇಟ್ಕೊಂಡು ಕೇಳ್ಲಿ? ಅವರ ನಿಲುವುಗನ್ನಡಿ ಒಡೆದು ಹಾಕಿದ್ದು ನಾನೇ. ಅವರು ನೋಡಿರ್ಲಿಲ್ಲ, ನಾನೇ ಹೋಗಿ ಹೇಳ್ದೆ. ಒಂದು ಮಾತೂ ಆಡ್ಲಿಲ್ಲ ಕಣೇ. ಬಾಯಿಗೆ ಸೆರಗು ಮುಚ್ಕೊಂಡು ಚೂರುಗಳನ್ನೇ ನೋಡ್ತಾ ನಿಂತ್ಬಿಟ್ರು. ಬೈದಿದ್ರೆ ವಾಸಿ ಇತ್ತು."

"ಫೋನ್ ಕೊಡಿ ಇಲ್ಲಿ."

ಅತ್ತೆ ಮೊಮ್ಮಗಳ ಕೈ ಹಿಡಿದುಕೊಂಡು ಬಂದು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಆ ಫೋನು ಕಿವಿಗೆ ಕೇಳಿಸುವುದು ನಿಂತು ಎಷ್ಟೋ ಕಾಲವಾಗಿ, ಮಾತಾಡಬೇಕೆಂದರೆ ಸ್ಪೀಕರ್ ಹಾಕಲೇಬೇಕು. ಹಾಗಾಗಿ ನಡೆದದ್ದೆಲ್ಲ ಎಲ್ಲರಿಗೂ ಕೇಳಿಸಿತು.

"ಯಾರು?"

"ಅಮ್ಮಾ, ನಿಮ್ಮ ಕನ್ನಡಿ ಒಡೆದ್ರಲ್ಲ, ಅವರ ಹೆಂಡತಿ ನಾನು."

ಗಂಡ ಹಣೆ ಚಚ್ಚಿಕೊಂಡ. ಆ ಕಡೆಯಿಂದ ಕೆಮ್ಮಿನಂಥದ್ದು ಕೇಳಿಸಿತು, ಅದು ಕೆಮ್ಮಲ್ಲ, ನಗು.

"ಅಯ್ಯೋ, ಅವನಾ! ಅದು ನಮ್ಮತ್ತೆ ಕೊಟ್ಟ ಕನ್ನಡಿ ಕಣಮ್ಮ. ಅದರ ಮುಂದೆ ನಿಂತಾಗಲೆಲ್ಲ ಅವರೇ ನನ್ನ ಸೀರೆ ನೆರಿಗೆ ಸರಿಯಿಲ್ಲ ಅಂದ ಹಾಗಾಗ್ತಿತ್ತು. ಬಿಸಾಕೋಕೆ ಧೈರ್ಯ ಇಲ್ಲ, ಇಟ್ಕೊಳ್ಳೋಕೆ ಮನಸ್ಸಿಲ್ಲ. ಅವನು ಒಡೆದ ದಿನ ನಗು ತಡೆಯೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ?"

"ಅತ್ತೆ ಅಂದ್ರೆ ಎಲ್ಲರಿಗೂ ಸದರ" ಎಂದು ಬಕೆಟ್ಟಿನ ಮೇಲಿದ್ದವರು ಗೊಣಗಿದರು. ಕಿವಿ ಮಾತ್ರ ಫೋನಿನ ಕಡೆಗೇ ಇತ್ತು.

ಅವಳು ಸುತ್ತಿ ಬಳಸಿ ಮಾತಾಡಲು ಹೋಗಲಿಲ್ಲ. ಗಾಡಿ ತುಂಬಿ ನಿಂತಿದೆ, ಹೋಗುವುದೆಲ್ಲಿಗೆ ಗೊತ್ತಿಲ್ಲ, ಮುಂಗಡ ಕೊಡುವ ಶಕ್ತಿಯಿಲ್ಲ, ಬಾಡಿಗೆ ತಪ್ಪಿಸುವುದಿಲ್ಲ ಎಂದಳು. ಗಂಡ ಕಣ್ಣು ಮುಚ್ಚಿಕೊಂಡು ಕೂತಿದ್ದ.

"ಮನೇಲಿ ಯಾರ್ಯಾರಿದ್ದೀರಿ?"

"ನಾವಿಬ್ಬರು, ಮಗಳು, ಮತ್ತೆ... ನಮ್ಮತ್ತೆ."

"ಅತ್ತೇನೂ ಇದ್ದಾರಾ! ಇರ್ಲಿ ಬಿಡು, ಕನ್ನಡಿ ಅಂತೂ ಇಲ್ಲ." ಮತ್ತೆ ಆ ನಗು. "ಒಡೆದದ್ದನ್ನ ತಾನೇ ಬಂದು ಹೇಳಿದವನು ಬಾಡಿಗೆ ತಪ್ಪಿಸ್ತಾನೇನಮ್ಮ? ಕೀ ಪಕ್ಕದ ಮನೇಲಿದೆ, ನಾನು ಹೇಳ್ತೀನಿ, ಈಗಲೇ ಹೋಗಿ. ಅಡಿಗೆಮನೆ ನಲ್ಲಿ ಸೋರತ್ತೆ, ಬೈಕೋಬೇಡಿ."

ಫೋನು ನಿಂತ ಮೇಲೆ ಅವಳು ಗಂಡನ ಪಕ್ಕದಲ್ಲೇ ಗಾಡಿಯ ಅಂಚಿಗೆ ಕೂತುಬಿಟ್ಟಳು. ನಗುವೂ ಅಳುವೂ ಒಟ್ಟಿಗೇ ನುಗ್ಗಿ ಬಂದು ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯಲಿಲ್ಲ.

"ಹಂಗಾದ್ರೆ ಆ ಎರಡು ಬಚ್ಚಲಿನ ಮನೆ?" ಅತ್ತೆ ಕೇಳಿದರು.

"ಅದು ಬೇರೆಯವರ ಪಾಲಾಯ್ತು ಅತ್ತೆ."

"ಈ ಮನೆನೂ ನೀಲಿನಾ ಅಪ್ಪಾ?" ಎಂದಳು ಮಗಳು.

ಅವನು ಸ್ವಲ್ಪ ಯೋಚಿಸಿ, "ಇಲ್ಲ ಪುಟ್ಟಿ. ಹಳದಿ. ಅದೂ ಅಲ್ಲಲ್ಲಿ ಎದ್ದಿದೆ" ಎಂದ. ವಾರದ ಮೇಲೆ ಅವನ ದನಿ ಮಾಮೂಲಿಗೆ ಬಂದಿತ್ತು.

"ಏಳಿ, ಎಲ್ಲಾ ಇಳಿಸಿ. ಒಲೆ ಕೊನೆಗೆ ಹತ್ತಲಿ" ಎಂದಳು ಅವಳು. ಗಾಡಿಯ ಡ್ರೈವರು, ಗಂಡನ ಹಳೆಯ ಜೊತೆಗಾರ, ಯಾರಿಗೂ ಕೇಳಿಸದಂತೆ ಏನನ್ನೋ ಶಪಿಸಿ ಅಂಗಿಯ ತೋಳು ಮಡಚಿದ.

ಹೊಸ ಮನೆ ಸಣ್ಣದು, ಆದರೆ ಬೆಳಕು ಚೆನ್ನಾಗಿತ್ತು. ನಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಸೋರುತ್ತಿತ್ತು. ಹೊತ್ತು ಇಳಿಯುವಷ್ಟರಲ್ಲಿ ಸಾಮಾನು ಒಳಗೆ ಬಂದು, ಮಂಚ ಎಲ್ಲಿ ಹಾಕಬೇಕೆಂದು ಅತ್ತೆ ಎರಡು ಸಲ ಮನಸ್ಸು ಬದಲಿಸಿದ್ದರು. ಅವಳು ಕಿಟಕಿಯ ಧೂಳು ಒರೆಸುತ್ತಿದ್ದಾಗ ಹೊರಗೆ ಗಾಡಿಯ ಹಿಂಬಾಗಿಲು ಹಾಕಿದ ಸದ್ದಾಯಿತು.

ಗಂಡ ಚಿಲಕ ಜಡಿದ. ಹಗ್ಗವನ್ನು ಸುತ್ತಿ ಕೊಕ್ಕೆಗೆ ಸಿಕ್ಕಿಸಿದ. ಟವೆಲಿನಿಂದ ಮುಖ ಒರೆಸಿಕೊಂಡು, ದಿನವೂ ಕೆಲಸ ಮುಗಿಸಿದಾಗ ಮಾಡುವಂತೆ, ಮುಂದೆ ಹೋಗಿ ಡ್ರೈವರನ ಪಕ್ಕ ಹತ್ತಿ ಕೂತು ಬಾಗಿಲೆಳೆದುಕೊಂಡ.

ಡ್ರೈವರು ಗಾಡಿ ಚಾಲೂ ಮಾಡಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಅವನನ್ನೇ ನೋಡುತ್ತ ಕೂತ. ಯಾಕೆಂದು ಗಂಡನಿಗೆ ಗೊತ್ತಾಗಲಿಲ್ಲ.

"ಇಳಿಯಪ್ಪಾ" ಎಂದ ಡ್ರೈವರು ಕೊನೆಗೆ. "ನೀನೂ ಇಲ್ಲೇ ಇಳಿಯೋನು."

ಗಾಡಿ ತಿರುವು ದಾಟಿ ಹೋಯಿತು. ಅವನು ಟವೆಲು ಹಿಡಿದುಕೊಂಡು ರಸ್ತೆಯಲ್ಲಿ ಕೆಲಹೊತ್ತು ನಿಂತಿದ್ದ. ಆಮೇಲೆ ಮೆಟ್ಟಿಲ ಬಳಿ ಬಂದು, ಅಡ್ಡಾದಿಡ್ಡಿ ಬಿದ್ದಿದ್ದ ಮಗಳ ಚಪ್ಪಲಿಗಳನ್ನು ಕಾಲಿನಿಂದ ಮೆಲ್ಲಗೆ ಸರಿಸಿ, ಅವುಗಳ ಪಕ್ಕ ತನ್ನವನ್ನು ಬಿಟ್ಟ.