ರಸೂಲ್ ಸಾಬರ ಬಲಜೇಬು

ಪೆನ್ ಡ್ರೈವ್ ಕೈಗಿಟ್ಟರೆ ರಸೂಲ್ ಸಾಬರು ಅದರಲ್ಲಿ ಏನಿದೆ ಎಂದು ಕೇಳುವುದಿಲ್ಲ, ಯಾರಿದ್ದಾರೆ ಎಂದು ಕೇಳುತ್ತಾರೆ. "ಇದ್ರಾಗೆ ಯಾರವ್ರೆ?" ಹೊಸಬರು ಇದನ್ನು ಕೇಳಿ, ಮುದುಕರಿಗೆ ಅರಳುಮರಳು ಎಂದುಕೊಂಡು ನಗುತ್ತಾರೆ. "ಯಾರೂ ಇಲ್ಲ ಸಾಬ್ರೆ, ಟ್ರ್ಯಾಕ್ಟರಿಗೆ ನಾಲ್ಕು ಹಾಡು ಅಷ್ಟೆ" ಎಂದ ಮೇಲೆಯೇ ಅವರ ಕೈ ಮುಂದೆ ಬರುವುದು. ಮದುವೆಯ ವಿಡಿಯೊ ಇದೆ, ತೀರಿಕೊಂಡ ಅಪ್ಪನ ಫೋಟೊ ಇದೆ ಎಂದೇನಾದರೂ ಹೇಳಿದಿರೋ, ಕೈ ಒರೆಸಿಕೊಂಡು, ಕನ್ನಡಕ ಸರಿಮಾಡಿಕೊಂಡು, ಮನೆಗೆ ಬಂದ ನೆಂಟರಿಗೆ ಹೇಳುವಂತೆ "ಕೂತ್ಕೊಳ್ರಿ ಮೊದ್ಲು" ಎನ್ನುತ್ತಾರೆ.

ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎಣ್ಣೆ ಗಿರಣಿಯ ಹಿಂಡಿಯ ವಾಸನೆ ಸದಾ ಸುಳಿದಾಡುವ ತಿರುವಿನಲ್ಲಿ ಅವರ ಅಂಗಡಿ. ಫಲಕದ ಮೇಲೆ 'ಬಿಸ್ಮಿಲ್ಲಾ ಆಡಿಯೋಸ್' ಎಂದಿದೆ. ಬಿಸ್ಮಿಲ್ಲಾ ಬೀ ಅವರ ಹೆಂಡತಿ. ಚಳ್ಳಕೆರೆಯ ಬೇಸಿಗೆ ಎಂಥದೆಂದು ಅನುಭವಿಸಿದವರೇ ಬಲ್ಲರು. ಅಂಥ ಬಿಸಿಲಿನಲ್ಲೂ ಈ ಪುಣ್ಯಾತ್ಮರು ಕಂಬಳಿ ಬಟ್ಟೆಯಲ್ಲಿ ಹೊಲಿಸಿದ ತೋಳಿಲ್ಲದ ಕರಿ ಕೋಟೊಂದನ್ನು ತೊಟ್ಟೇ ಕೂರುತ್ತಾರೆ. ಯಾಕೆ ಸ್ವಾಮಿ ಈ ಶಿಕ್ಷೆ ಎಂದರೆ, ಕತ್ತಿನ ಬೆವರು ಒರೆಸಿಕೊಳ್ಳುತ್ತಲೇ, "ಇದ್ರೊಳಗೆ ಸೆಕೆ ಬರಾದಿಲ್ರೀ" ಎಂಬ ಉತ್ತರ. ನಿಜ ಸಂಗತಿಯೆಂದರೆ ಆ ಕೋಟಿಗೆ ಎರಡು ದೊಡ್ಡ ಜೇಬುಗಳಿವೆ. ಎಡಜೇಬಿನಲ್ಲಿ ಮಾರಾಟದ ಅಸಲಿ ಡ್ರೈವುಗಳು ಇರುತ್ತಿದ್ದವು. ಬಲಜೇಬಿನಲ್ಲಿ, ಗಿರಾಕಿಗಳು ಆನ್‌ಲೈನಿನಲ್ಲಿ ತರಿಸಿ, ಮೋಸವೆಂದು ತಿಳಿದು, ಅಲ್ಲೇ ಬಿಸಾಡಿ ಹೋದ ನಕಲಿಗಳು. ಆ ಜೇಬಿಗೆ ಅವರೇ ಇಟ್ಟ ಹೆಸರು ಖಬರಸ್ತಾನ್. ನಡೆಯುವಾಗ ಬಲಗಡೆಗೆ ತುಸು ವಾಲಿ, ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ಹೆಜ್ಜೆಯಿಡುತ್ತಾರೆ.

ಕ್ಯಾಸೆಟ್ಟಿನ ಕಾಲದಿಂದಲೂ ಅವರದು ಹಾಡು ತುಂಬಿಕೊಡುವ ಕಸುಬು. ಲಾರಿ, ಟ್ರ್ಯಾಕ್ಟರು, ಆಟೋ, ಜಾತಿ ಮತ ನೋಡದೆ ಎಲ್ಲದಕ್ಕೂ ಹಾಡು ತುಂಬಿದ್ದಾರೆ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಬೆರಳುದ್ದದ ಈ ಕಡ್ಡಿ ಬಂತು. ನಕಲಿಯನ್ನು ಗುರುತಿಸುವ ವಿದ್ಯೆಯನ್ನು ಅವರಿಗೆ ಯಾರೂ ಧಾರೆಯೆರೆದು ಕೊಟ್ಟದ್ದಲ್ಲ. ಟೋಪಿ ಹಾಕಿಸಿಕೊಂಡೇ ಕಲಿತದ್ದು. ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಡಬ್ಬಿ ತುಂಬ ತರಿಸಿ, ಊರೆಲ್ಲ ಮಾರಿದ್ದರು; ವಾರದೊಳಗೆ ಊರೆಲ್ಲ ವಾಪಸು ತಂದು ಮುಖಕ್ಕೆ ಎಸೆದಿತ್ತಂತೆ. "ಆವತ್ತು ಬಿಸ್ಮಿಲ್ಲಾ ಬೈದ ಬೈಗುಳ ನೆನೆಸಿಕೊಂಡ್ರೆ ಈಗ್ಲೂ ಕಿವಿ ಗುಂಯ್ ಅಂತೈತೆ" ಎಂದು ನಗುತ್ತಾರೆ.

ಆಮೇಲೆ ಅವರು ಯಾವ ಡ್ರೈವನ್ನೂ ಅದರ ಮಾತಿನ ಮೇಲೆ ನಂಬಿದವರಲ್ಲ. ಅಂಗೈಯಲ್ಲಿ ಎತ್ತಿ ಭಾರ ನೋಡುವುದು, ಮೇಲಿನ ಅಕ್ಷರವನ್ನು ಉಗುರಿನಿಂದ ಕೆರೆದು ನೋಡುವುದು, ಇವೆಲ್ಲ ಬರಿಯ ಪೀಠಿಕೆ. ಕಟ್ಟಕಡೆಯ ಪರೀಕ್ಷೆ, ಕಂಠಮಟ್ಟ ತುಂಬುವುದು. ತುಂಬಿ, ತುಂಬಿದ್ದನ್ನೆಲ್ಲ ಮತ್ತೆ ಹೊರಗೆ ತೆಗೆದು ನೋಡುವುದು. ಏಕೆಂದರೆ ಈ ನಕಲಿಗಳ ಮೋಸ ವಿಚಿತ್ರವಾದದ್ದು. ಒಳಗೆ ಇರುವ ಜಾಗ ಎಳ್ಳಷ್ಟು, ಹೇಳಿಕೊಳ್ಳುವುದು ಬೆಟ್ಟದಷ್ಟು. ತುಂಬಿದ ಮೇಲೂ ಬೇಡವೆನ್ನುವುದಿಲ್ಲ, ಹಾಕಿದ್ದನ್ನೆಲ್ಲ ಹಾಕಿಸಿಕೊಳ್ಳುತ್ತದೆ. ಮೊದಲಿನ ಕೆಲವನ್ನು ಇಟ್ಟುಕೊಂಡು ಮಿಕ್ಕವುಗಳ ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳುತ್ತದೆ. ಹೆಸರು ಎಲ್ಲವೂ ಸರಿಯಾಗಿ ಕಾಣುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ.

ಅಗ್ಗದ ಮಾಲೆಂದರೆ ನನ್ನದೂ ಚಪಲದ ಬೆರಳು. ಒಂದು ಸಲ, ಲಕ್ಷಗಟ್ಟಲೆ ಹಾಡು ಹಿಡಿಸುವ ಎರಡು ಟಿಬಿಯ ಡ್ರೈವು ಒಂದು ಹೊತ್ತಿನ ಊಟದ ಬೆಲೆಗೆ ಸಿಗುತ್ತಿದೆಯೆಂದು, ಹೊಗಳಿ ಬರೆದವರೇ ಸಾವಿರಾರು ಮಂದಿಯೆಂದು, ಮೊಬೈಲನ್ನು ಅವರ ಮುಂದೆ ಹಿಡಿದೆ. ಸಾಬರು ಮೆಚ್ಚುಗೆಯ ಚುಕ್ಕಿಗಳನ್ನು ನೋಡಲಿಲ್ಲ, ಹೊಗಳಿದವರ ಮಾತನ್ನು ಓದಿಸಿದರು. ಓದುತ್ತೇನೆ, ಏನು ಹೇಳಲಿ! ಮೂರು ಸೀಟಿಗೆ ಬೇಳೆ ಬೆಣ್ಣೆಯಂತೆ ಬೇಯುತ್ತದೆ, ಹಿಡಿ ಬಿಸಿಯಾಗುವುದಿಲ್ಲ ಎಂದು ಒಬ್ಬ ಮಹಾತಾಯಿ ಬರೆದಿದ್ದಾಳೆ. ಮೊದಲು ಕುಕ್ಕರು ಮಾರಿ ಒಳ್ಳೆಯ ಹೆಸರು ಗಳಿಸಿದ ಪುಟದಲ್ಲೇ, ಕುಕ್ಕರನ್ನು ತೆಗೆದು ಡ್ರೈವನ್ನು ಕೂರಿಸಿದ್ದರು. "ತಗೊಳ್ರಿ ಮೇಷ್ಟ್ರೆ, ಬೇಳೆಗಾದ್ರೂ ಆಗ್ತೈತೆ" ಎಂದರು ಸಾಬರು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡ್ರಿ."

ಈ 'ಹೋಗ್ಲಿ ಬಿಡ್ರಿ' ಅವರ ಆಗಿನ ಪಲ್ಲವಿ. ಹೇಳಿ ಹೇಳಿ ದಣಿದ ಮನುಷ್ಯನ ಮಾತು. ಬೆಳಗ್ಗೆ ಒಬ್ಬನಿಗೆ ಹೇಳಿದರೆ ಮಧ್ಯಾಹ್ನ ಅವನ ತಮ್ಮನೇ ಅಂಥದ್ದೊಂದನ್ನು ತರಿಸಿಕೊಂಡು ಬರುತ್ತಿದ್ದ. ಮಾರುವವನು ಇವತ್ತು ಒಂದು ಹೆಸರಿನಲ್ಲಿ ಅಂಗಡಿ ಮುಚ್ಚಿದರೆ ನಾಳೆ ಇನ್ನೊಂದು ಹೆಸರಿನಲ್ಲಿ ತೆರೆಯುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಅವರನ್ನು ಸುಸ್ತು ಮಾಡಿದ್ದು ನಮ್ಮವರೇ. ಕಿರಾಣಿ ಅಂಗಡಿಯ ತಿಪ್ಪೇರುದ್ರಪ್ಪ ಒಂದು ದಿನ ಬೆಳಗ್ಗೆ ತುಂಬಿದ ಓಣಿಯಲ್ಲಿ ನಿಂತು, "ಎಡಜೇಬಿನ ಮಾಲು ಖರ್ಚಾಗ್ಲಿ ಅಂತ ಪರರ ಮಾಲಿಗೆ ಮಣ್ಣು ಹಾಕ್ತೀಯೇನಪ್ಪಾ ಸಾಬಣ್ಣ?" ಎಂದುಬಿಟ್ಟ. ಸಾಬರು ಟೀ ತರಿಸಿದರು, ಆದರೆ ಕುಡಿಯದೆ ಹಾಗೇ ಬಿಟ್ಟರು.

ಅದೇ ದಿನ ಇಳಿಹೊತ್ತಿನಲ್ಲಿ ಮಾರುತೇಶ ಬಂದ. ಮೊಳಕಾಲ್ಮೂರು ತಾಲೂಕಿನ ದೇವಸಮುದ್ರದವನು, ಟ್ರ್ಯಾಕ್ಟರು ಓಡಿಸುತ್ತಾನೆ, ಹಾಡಿಗೆ ಸಾಬರ ಹಳೆಯ ಗಿರಾಕಿ. ತನ್ನ ಹಳ್ಳಿಗೆ ಪಾರ್ಸೆಲ್ಲು ಸರಿಯಾಗಿ ಬರುವುದಿಲ್ಲವೆಂದು ಸಾಬರ ಅಂಗಡಿಯ ವಿಳಾಸವನ್ನೇ ಕೊಟ್ಟಿದ್ದ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಹುಡುಗು ಮುಖದ ಆ ಗಂಡಸು ಸಂಭ್ರಮದಿಂದ ಲಕೋಟೆ ಹರಿದು, "ನೋಡ್ರಿ ಸಾಬ್ರೆ, ಒಂದು ಟಿಬಿ! ಮೊಬೈಲಿಗೂ ನೇರ ಸಿಗಿಸ್ಬೋದಂತೆ" ಎಂದು ಡ್ರೈವನ್ನು ಗಾಜಿನ ಮೇಲಿಟ್ಟ. ಸಾಬರು ಅದನ್ನು ಎತ್ತಲೂ ಇಲ್ಲ. ಒಂದು ನೋಟಕ್ಕೇ ಅವರಿಗೆ ತಿಳಿದಿತ್ತು. ಅವರ ಬಲಗೈ ತಾನಾಗಿ ಬಲಜೇಬಿಗೆ ಹೋದದ್ದನ್ನು ನಾನು ಕಂಡೆ. ತಿಪ್ಪೇರುದ್ರಪ್ಪನ ಬೆಳಗಿನ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದ್ದಿರಬೇಕು.

"ಹೂಂ, ಚೆನ್ನಾಗೈತೆ" ಎಂದರು. "ಹೋಗ್ಲಿ ಬಿಡು."

ಮಾರುತೇಶ ಅದನ್ನು ಹೊಗಳಿಕೆಯೆಂದೇ ತಿಳಿದು ಬಸ್ಸಿಗೆ ಓಡಿದ. ಅದರೊಳಗೆ ಏನು ಹಾಕುತ್ತಾನೆಂದು ಸಾಬರು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಅವನ ತಾಯಿ ಸೂರಮ್ಮ. ಆ ಸೀಮೆಯಲ್ಲಿ ದೇವರಿಗೆ ಬಿಟ್ಟ ದೇವರೆತ್ತಿನ ಹಾಡು, ಸೋಬಾನೆ, ಬೀಸುವ ಹಾಡು ಅಂದರೆ ಸೂರಮ್ಮನ ಹೆಸರೇ ಮೊದಲು. ಕನ್ನಡದಲ್ಲಿ ಹತ್ತಿದ ಹಾಡು ತೆಲುಗಿನಲ್ಲಿ ಇಳಿಯುತ್ತಿತ್ತಂತೆ. ದನಿ ಕೇಳಿ ಮಲಗಿದ್ದ ದನ ಏಳುತ್ತಿದ್ದವೆಂದು ಮಾರುತೇಶ ಹೇಳುತ್ತಾನೆ, ನಾನು ನಂಬುತ್ತೇನೆ. ಆಕೆಯ ಗಂಟಲಿನಲ್ಲಿ ಗಡ್ಡೆಯೊಂದು ಬೆಳೆದು, ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಆಸ್ಪತ್ರೆಗೆ ಸೇರುವ ಮೊದಲು ಸೊಸೆ ಪವಿತ್ರ ಅತ್ತೆಯನ್ನು ದಿನಾ ಜಗಲಿಯ ಮೇಲೆ ಕೂರಿಸಿಕೊಂಡು, ಬರುವ ಹಾಡನ್ನೆಲ್ಲ ಹಾಡಿಸಿ ಮೊಬೈಲಿನಲ್ಲಿ ವಿಡಿಯೊ ಮಾಡಿದಳು. ಮೊಬೈಲು ತುಂಬಿಹೋದದ್ದರಿಂದಲೇ ಆ ಡ್ರೈವು. ಎಲ್ಲವನ್ನೂ ಅದಕ್ಕೆ ಸಾಗಿಸಿ, ಎಲ್ಲ ಹೆಸರೂ ಕಾಣುವುದನ್ನು ನೋಡಿ, ಮೊದಲನೆಯದನ್ನು ಒತ್ತಿ ಕೇಳಿ, ಸಮಾಧಾನಪಟ್ಟು, ಮೊಬೈಲಿನಲ್ಲಿದ್ದುದನ್ನು ಅಳಿಸಿದಳು. ಪಾಪ, ಇನ್ನೇನು ಮಾಡಬೇಕಿತ್ತು ಅವಳು?

ಆಪರೇಷನ್ ಮುಗಿದು, ಗಾಯ ಮಾಗಿದ ಮೇಲೆ, ತಾಯಿ ಮಗ ಇಬ್ಬರೂ ಅಂಗಡಿಗೆ ಬಂದರು. ಸೂರಮ್ಮನ ಕತ್ತಿಗೆ ಬಿಳಿಯ ವಸ್ತ್ರ ಸುತ್ತಿತ್ತು. "ಟಿವಿಗೆ ಹಾಕಿದ್ರೆ ಮೊದ್ಲಿನ ಕೆಲವು ಬರ್ತವೆ, ಮುಂದಕ್ಕೆ ಬರವಲ್ವು ಸಾಬ್ರೆ. ಟಿವೀದೇ ತೊಂದ್ರೆ ಇರಬೇಕು, ನೋಡ್ರಿ" ಎಂದ ಮಾರುತೇಶ. ಸಾಬರು ಡ್ರೈವನ್ನು ನೋಡಿದರು, ಸೂರಮ್ಮನ ಕತ್ತನ್ನು ನೋಡಿದರು. ಗಡಿಸೀಮೆಯ ತೆಲುಗಿನಲ್ಲಿ "ರಾಮ್ಮಾ, ಕೂಚೋ" ಎಂದು ಆಕೆಗೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದರು. ಅಳಿದದ್ದನ್ನು ಎತ್ತುವ ಸಾಫ್ಟ್‌ವೇರು ಹಾಕಿದರು. ಪವಿತ್ರಳ ಮೊಬೈಲನ್ನೂ ತರಿಸಿ ಕೆದಕಿದರು, ಅದರಲ್ಲಿ ಆಗಲೇ ಬೇರೆ ಏನೇನೋ ತುಂಬಿಹೋಗಿತ್ತು. ಕೊನೆಗೆ ಕೈಚೆಲ್ಲಿ, "ಹೋಗಿರಾದಲ್ಲಪ್ಪ ಅವು. ಇದ್ರೊಳಗೆ ಬಂದೇ ಇಲ್ಲ" ಎಂದರು. ಸೂರಮ್ಮ ಒಪ್ಪಲಿಲ್ಲ. ಪರದೆಯ ಮೇಲೆ ಸಾಲಾಗಿ ನಿಂತಿದ್ದ ಹಾಡಿನ ಹೆಸರುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದಳು. ಸಾಬರು ಒಂದೊಂದನ್ನೂ ಒತ್ತಿದರು. ತೆರೆಯುವುದಿಲ್ಲವೆಂದು ಚೆನ್ನಾಗಿ ಬಲ್ಲ ಮನುಷ್ಯ, ಆಕೆ ಬೆರಳಿಟ್ಟ ಪ್ರತಿಯೊಂದನ್ನೂ, ಕೊನೆಯ ಹೆಸರಿನವರೆಗೆ, ಒತ್ತುತ್ತಲೇ ಹೋದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

ಮಾರುತೇಶ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. "ನಿಮ್ಮೆದುರಿಗೇ ಬಿಚ್ಚಿದ್ನಲ್ಲ ಸಾಬ್ರೆ, ಒಂದು ಮಾತು ಹೇಳ್ಬಾರ್ದಿತ್ತಾ?" ಎಂದನಷ್ಟೆ. ಸಾಬರ ತುಟಿ ಅಲ್ಲಾಡಿತು. ಅಭ್ಯಾಸಬಲದಿಂದ ಆ ಎರಡು ಪದ ನಾಲಿಗೆಯ ತುದಿಗೆ ಬಂದವೆಂದು ನಾನು ಬಲ್ಲೆ, ಅವರು ನುಂಗಿಕೊಂಡರು. ಅಂದಿನಿಂದ ಇಂದಿನವರೆಗೆ ಅವರ ಬಾಯಲ್ಲಿ 'ಹೋಗ್ಲಿ ಬಿಡ್ರಿ' ಎಂಬುದನ್ನು ನಾನು ಕೇಳಿಲ್ಲ.

ಮರುದಿನ ಎಡಜೇಬು ಖಾಲಿಯಾಗಿತ್ತು. ಅಸಲಿ ಮಾಲನ್ನೆಲ್ಲ ಪಕ್ಕದ ಮೊಬೈಲ್ ಅಂಗಡಿಗೆ ಕೊಟ್ಟುಬಿಟ್ಟಿದ್ದರು. ಹಾಡು ತುಂಬುವುದಕ್ಕಿಂತ ಡ್ರೈವು ಮಾರುವುದರಲ್ಲೇ ನಾಲ್ಕು ಕಾಸು ಇತ್ತೆಂದು ಬಲ್ಲ ನಾನು, ನಿಮಗೇನು ತಲೆ ಕೆಟ್ಟಿದೆಯೇ ಎಂದು ರೇಗಿದೆ. "ನಾನೇ ಮಾರ್ತಿದ್ರೆ ನನ್ ಮಾತು ಯಾರು ನಂಬ್ತಾರ್ರಿ?" ಎಂದರು. ಮನೆಯಲ್ಲಿ ಬಿಸ್ಮಿಲ್ಲಾ ಬೀ ಏನಂದರೆಂದು ಕೇಳಿದ್ದಕ್ಕೆ, "ಅವಳೇ ಹೇಳಿದ್ದು" ಎಂದಷ್ಟೇ ಉತ್ತರ ಬಂತು. ಈಗ ಅಂಗಡಿಯ ಮುಂದೆ ಪಾರ್ಸೆಲ್ಲು ಹಿಡಿದು ಹೋಗುವವರನ್ನೆಲ್ಲ ಕರೆದು ನಿಲ್ಲಿಸುತ್ತಾರೆ. ಬೇಡವೆಂದವರಿಗೂ ಹೇಳುತ್ತಾರೆ. ತಿಪ್ಪೇರುದ್ರಪ್ಪನಿಗೂ ಹೇಳಿದರು, ಆತ ಆಡಿಕೊಂಡು ನಕ್ಕು ಹೋದ. ನಕ್ಕರೆ ನಗಲಿ, ಇವರ ಪಾಡಿಗೆ ಇವರು ಹೇಳುತ್ತಲೇ ಇದ್ದಾರೆ. ದಣಿವೇನೂ ಕಡಿಮೆಯಾಗಿಲ್ಲ; ಹೆಗಲು ಇನ್ನಷ್ಟು ಬಾಗಿದೆ.

ಉಳಿದ ಕೆಲವು ಹಾಡುಗಳನ್ನು ಒಳ್ಳೆಯ ಡ್ರೈವುಗಳಿಗೆ ಇಳಿಸಿ, ತುಂಬಿ, ತೆಗೆದು, ನೋಡಿ, ಒಂದನ್ನು ಸೂರಮ್ಮನ ಮನೆಗೆ, ಇನ್ನೊಂದನ್ನು ಪವಿತ್ರಳ ತವರಿಗೆ ಕೊಟ್ಟರು. ಮೂರನೆಯದು ಅವರ ಎಡಜೇಬಿನಲ್ಲಿದೆ. ಸೂರಮ್ಮ ಡಾಕ್ಟರಿಗೆ ತೋರಿಸಲು ಚಳ್ಳಕೆರೆಗೆ ಬಂದಾಗೆಲ್ಲ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಾಳೆ. ಆಗ ಸಾಬರು ಉಳಿದವುಗಳಲ್ಲಿ ಕೊನೆಯ ಹಾಡನ್ನು ಹಾಕುತ್ತಾರೆ. ಅದು ಹುಲ್ಲುಗಾವಲಿನಲ್ಲಿ ಮೇಯುವ ದೇವರೆತ್ತುಗಳನ್ನು ಸಂಜೆ ಒಂದೊಂದಾಗಿ ಹೆಸರು ಹಿಡಿದು ಕರೆಯುವ ಹಾಡು. ಮೂರನೆಯ ಎತ್ತಿನ ಹೆಸರಿಗೆ ದನಿ ನಿಂತುಹೋಗುತ್ತದೆ. ಸೂರಮ್ಮನ ಬೆರಳು ಮಾತ್ರ ನಿಲ್ಲುವುದಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ, ಒಂದೊಂದು ಎತ್ತಿಗೆ ಒಂದೊಂದು ಬೆರಳು ಮಡಿಸುತ್ತ ಮುಂದಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ಯಾವ ಗಿರಾಕಿ ಬಂದರೂ ಸಾಬರು ಕೈ ಎತ್ತಿ ತಡೆಯುತ್ತಾರೆ. ಆಕೆಯ ಎತ್ತುಗಳೆಲ್ಲ ಮನೆ ಸೇರಿ ಬೆರಳು ನಿಂತ ಮೇಲೆಯೇ ವ್ಯಾಪಾರ.

ಮೊನ್ನೆ ನಾನೊಂದು ಹೊಸ ಡ್ರೈವು ತೆಗೆದುಕೊಂಡು ಹೋದೆ. "ಇದ್ರಾಗೆ ಯಾರವ್ರೆ?" ಎಂದರು. ಖಾಲಿ, ಈಗಷ್ಟೇ ಬಂದದ್ದು ಎಂದೆ. "ಸದ್ಯ, ಇನ್ನೂ ಯಾರೂ ಹೋಗಿಲ್ಲ" ಎಂದು ಕೈಗೆ ತೆಗೆದುಕೊಂಡು ತುಂಬಲು ಹಚ್ಚಿದರು.

ಪ್ರತಿ ಊರಿನಲ್ಲೂ ಎಚ್ಚರಿಕೆ ಹೇಳುವ ಒಬ್ಬ ಮನುಷ್ಯನಿರುತ್ತಾನೆ. ಅವನನ್ನು ನಾವು ಬಾಯಿಬಡುಕ ಎನ್ನುತ್ತೇವೆ, ಅವನಿಗೇನೋ ಲಾಭವಿದೆ ಎನ್ನುತ್ತೇವೆ, ಅವನ ಓಣಿ ಬಿಟ್ಟು ಬಳಸಿಕೊಂಡು ಹೋಗುತ್ತೇವೆ. ಅವನು ಆಡಿದ ಮಾತುಗಳಲ್ಲಿ ಒಂದೂ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಎಲ್ಲರ ಹಾಗೆ ಅವನೂ ದಣಿಯುತ್ತಾನೆ, ದಣಿದು ಒಂದೇ ಒಂದು ದಿನ ಸುಮ್ಮನಿರುತ್ತಾನೆ; ಆ ದಿನವೇ ನಾವು ಅವನೆದುರು ಹೋಗಿ ನಿಂತು, ಒಂದು ಮಾತು ಹೇಳಬಾರದಿತ್ತಾ ಎಂದು ಕೇಳುತ್ತೇವೆ.