ಸಾವಿರ ಸಲ ಸುರಿದ ಒಂದೇ ಮಳೆ

ಖುಷಿಯಾದವನು ನಾಲ್ಕು ಜನಕ್ಕೆ ತಿನ್ನಿಸದಿದ್ದರೆ ಅವನ ಖುಷಿಯನ್ನು ನಮ್ಮ ಸೆರ್ಬಿಯಾದಲ್ಲಿ ಯಾರೂ ನಂಬುವುದಿಲ್ಲ. ಹಾಗಾಗಿ ವಿದ್ಯಾರ್ಥಿ ನೆಬೋಯ್ಶಾ ಬುಧವಾರ ಬೆಳಿಗ್ಗೆಯೇ ಚೀಸ್ ತುಂಬಿದ, ಪದರುಪದರಾದ ಬಿಸಿ ಬುರೆಕ್ಕಿನ ತಟ್ಟೆ ಹೊತ್ತು ಸಂಶೋಧನಾಲಯದ ಯಂತ್ರಕೋಣೆಗೆ ನುಗ್ಗಿದಾಗಲೇ ಅವನ ಲೆಕ್ಕ ಮುಗಿದಿದೆ ಎಂದು ಗೊತ್ತಾಯಿತು. ಎಣ್ಣೆ ಸೋರುವ ತಟ್ಟೆಯನ್ನು ನನ್ನ ಕೀಲಿಮಣೆಯ ಮೇಲೆಯೇ ಇಟ್ಟ, ಶನಿ. ಬೈಯಲು ತೆರೆದ ಬಾಯಿಗೆ ಒಂದು ತುಂಡು ತುರುಕಿದ. ವಾಸನೆ ಹಿಡಿದು ಉಳಿದ ಸಂಶೋಧಕರೂ ತಟ್ಟೆಯ ಸುತ್ತ ನೆರೆದರು.

ಕ್ಲಸ್ಟರ್ ಎಂದರೆ ನೂರಾರು ಕಂಪ್ಯೂಟರ್‌ಗಳನ್ನು ಒಂದೇ ನೊಗಕ್ಕೆ ಕಟ್ಟಿದ್ದು. ಅದನ್ನು ಕಾಯುವವಳು ನಾನು, ವುಕೊಸಾವಾ. ತೀಸಾ ನದಿಯ ನೆರೆಯ ಲೆಕ್ಕವನ್ನು ಸಾವಿರ ಬಗೆಯ ಮಳೆಗೆ ಸಾವಿರ ಸಲ ಹಾಕಲು ನೆಬೋಯ್ಶಾ ಕೊಟ್ಟಿದ್ದ. ಶುಕ್ರವಾರ ಅವನ ಪಿಎಚ್.ಡಿ. ಮೌಖಿಕ ಪರೀಕ್ಷೆ; ಇದು ತಪ್ಪಿದರೆ ಅವನ ಅವಧಿಯೇ ಮುಗಿದು ಪದವಿ ಕೈತಪ್ಪಿದಂತೆ. ಗುರುವಾರ ಸಂಜೆಯಿಂದ ರಿಪೇರಿಗೆಂದು ಕ್ಲಸ್ಟರ್ ಬೇರೆ ಬಂದ್.

"ಸಾವಿರಕ್ಕೆ ಸಾವಿರವೂ ಒಂದೇ ಉತ್ತರ ಕೊಟ್ಟಿವೆ, ವುಕಾ ಅಕ್ಕ. ಇದಕ್ಕಿಂತ ಖಚಿತ ಬೇಕಾ?"

ಅಲ್ಲೇ ಇದ್ದ ಅವನ ಗುರು ಪ್ರೊಫೆಸರ್ ತಿಹೊಮಿರ್ ಅವರು ಬುರೆಕ್ ಮೆಲ್ಲುತ್ತ, ನಿಜವಾದ ವಿಜ್ಞಾನ ಹೀಗೆಯೇ, ಅಲುಗಾಡುವುದಿಲ್ಲ ಎಂದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ತುಂತುರು ಹನಿಗೂ ಆಕಾಶವೇ ಹರಿದುಬಿದ್ದ ಮಳೆಗೂ ನದಿ ಒಂದೇ ಮಟ್ಟ ಏರಿತೇ ಎಂದು ಕೇಳಿದೆ. ಹುಡುಗನ ಮುಖ ಬಿಳುಚಿತು. ಕ್ಲಸ್ಟರಿಗೆ ಕೊಟ್ಟಿದ್ದ ಆಜ್ಞೆಗಳ ಕಡತ ತೆರೆದ. ಸಾವಿರ ಲೆಕ್ಕಗಳಲ್ಲಿ ಪ್ರತಿಯೊಂದೂ ತನ್ನ ಸಂಖ್ಯೆಯ ಮಳೆಯನ್ನು ಎತ್ತಿಕೊಳ್ಳಬೇಕಾದ ಜಾಗದಲ್ಲಿ ಬರೀ 'ಒಂದು' ಎಂಬ ಅಂಕಿ ಇತ್ತು. ಯಾರೋ ಪರೀಕ್ಷಿಸಿ ನೋಡಲು ಬರೆದು ಅಳಿಸಲು ಮರೆತದ್ದು.

"ಒಂದೇ ಮಳೇನ ಸಾವಿರ ಸಲ ಸುರಿಸಿದೀಯಲ್ಲೋ ಮಾರಾಯ," ಎಂದೆ.

ಅವನು ಕುರ್ಚಿಯಲ್ಲಿ ಕುಸಿದ. ತಿದ್ದಲು ಕ್ಷಣ ಸಾಕು, ಓಡಿಸಲು ಕ್ಲಸ್ಟರಿನಲ್ಲಿ ಜಾಗ ಬೇಕಲ್ಲ? ಸರದಿಯ ತುಂಬ ಬೇರೆಯವರ ಕೆಲಸಗಳು. ಉಂಡ ಮನೆಗೆ ಎರಡು ಬಗೆಯಬಾರದು, ಬುರೆಕ್ ತಿಂದವರೆಲ್ಲ ತಮ್ಮ ಕೆಲಸ ಹಿಂದೆ ತೆಗೆಯಿರಿ ಎಂದು ಅಲ್ಲಿದ್ದವರಿಗೆಲ್ಲ ಹೇಳಿದೆ. ಗೊಣಗುತ್ತ, ಬೆರಳು ನೆಕ್ಕುತ್ತ ತೆಗೆದರು.

ತಿಹೊಮಿರ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ. ಅರ್ಧ ಕ್ಲಸ್ಟರ್ ಅವರೇ ಹಿಡಿದಿದ್ದರು. ಎಲ್ಲರಿಗಿಂತ ಹೆಚ್ಚು ತಿಂದವರೂ ಅವರೇ. ಕಂಡವರ ಅಜಾಗರೂಕತೆಗೆ ತಾವೇಕೆ ದಂಡ ತೆರಬೇಕು ಎಂದು ಉಪದೇಶ ಶುರುವಾಯಿತು. ಅದು ಬೆಳೆದು, ಈ ಕಡತವನ್ನು ಯಾವ ಕತ್ತೆ ಬರೆದದ್ದು ಎನ್ನುವಲ್ಲಿಗೆ ಬಂತು.

ನೆಬೋಯ್ಶಾ ನೆಲ ನೋಡುತ್ತ ಹೇಳಿದ: "ನೀವೇ ಕೊಟ್ಟಿದ್ದು ಸರ್. ಹತ್ತು ವರ್ಷದಿಂದ ನಡೀತಿದೆ, ಮುಟ್ಟಬೇಡ ಅಂದಿದ್ರಿ."

ಯಾರೂ ನಗಲಿಲ್ಲ, ನಗು ತಡೆಯುವುದು ಎಷ್ಟು ಕಷ್ಟ ಎಂದು ನನಗೆ ಅಂದು ತಿಳಿಯಿತು. ಪ್ರೊಫೆಸರರು ಕನ್ನಡಕ ಒರೆಸಿಕೊಂಡು, ಕ್ಲಸ್ಟರಿನಲ್ಲಿ ಓಡುತ್ತಿದ್ದ ತಮ್ಮದೇ ಕಡತ ತೆರೆದು ಅದೇ ಜಾಗಕ್ಕೆ ಬೆರಳಿಟ್ಟು ನೋಡಿದರು. ಆಮೇಲೆ ತಮ್ಮ ಕೆಲಸಗಳನ್ನೆಲ್ಲ ಕೈಯಾರೆ ರದ್ದು ಮಾಡಿದರು.

ಮರುದಿನ ಮಧ್ಯಾಹ್ನ ಸಾವಿರ ಉತ್ತರಗಳು ಬಂದವು. ಒಂದರಂತೆ ಇನ್ನೊಂದಿಲ್ಲ. ನೆಬೋಯ್ಶಾ ಸಂತೋಷಕ್ಕೆ ಅತ್ತೇಬಿಟ್ಟ. ಅಷ್ಟರಲ್ಲಿ ತಿಹೊಮಿರ್ ಬಂದರು, ಎರಡೂ ಕೈಯಲ್ಲಿ ದೊಡ್ಡ ದೊಡ್ಡ ಬುರೆಕ್ ತಟ್ಟೆ.

"ಎಲ್ಲರೂ ಹೊಟ್ಟೆ ತುಂಬ ತಿನ್ನಿ," ಎಂದರು. "ರಿಪೇರಿ ಮುಗಿದ ಮೇಲೆ ನನಗೆ ಹತ್ತು ವರ್ಷದ ಲೆಕ್ಕ ಮತ್ತೆ ಓಡಿಸೋದಿದೆ."