ಮಹಡಿ ಮನೆಯ ಪ್ರಿಂಟರ್

ಮುಳಬಾಗಿಲಿನ ಆ ಮಹಡಿ ಮನೆಗೆ ಶೋಭಾರಾಣಿ ಬಾಡಿಗೆಗೆ ಬಂದು ಟ್ಯೂಷನ್ ಶುರು ಮಾಡಿದ ಮೇಲೆ, ಕೆಳಮನೆಯ ಗಂಗಾಲಕ್ಷ್ಮಿಯ ಹೊಟ್ಟೆಯಲ್ಲಿ ಉರಿ ಹತ್ತಿಕೊಂಡಿತು. ಅದಕ್ಕೆ ಕಾರಣ ಒಂದು ಪ್ರಿಂಟರ್.

ಪ್ರಶ್ನೆಪತ್ರಿಕೆ ಅಚ್ಚು ಹಾಕಲು, ಪುಸ್ತಕದ ಪುಟ ನಕಲು ತೆಗೆಯಲು ಶೋಭಾರಾಣಿ ಅದನ್ನು ಕೊಂಡಿದ್ದಳು. ಹಾಳೆ ಸಿಕ್ಕಿಕೊಂಡರೂ ಸರಿ, ವೈಫೈ ಕಡಿದುಹೋದರೂ ಸರಿ, ಮೆಟ್ಟಿಲ ಮೇಲಿಂದ ಕೂಗು ಬರುತ್ತಿತ್ತು: "ಕದಿರೇಶ್ ಅವ್ರೇ, ಸ್ವಲ್ಪ ಬರ್ತೀರಾ?"

ಡೇರಿ ಆಫೀಸಿನಲ್ಲಿ ದಿನವೆಲ್ಲ ಕಂಪ್ಯೂಟರ್ ಮುಂದೆ ಕೂತು ಬರುವ ಗಂಗಾಲಕ್ಷ್ಮಿಯ ಗಂಡ ಕದಿರೇಶ್, ಹೆಂಡತಿ ಏನು ಹೇಳಿದರೂ "ಆಮೇಲೆ ನೋಡೋಣ" ಎನ್ನುವವನು, ಆ ಕೂಗಿಗೆ ಮಾತ್ರ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದುಬಿಡುತ್ತಿದ್ದ.

ಒಂದು ಸಂಜೆ ಗಂಗಾಲಕ್ಷ್ಮಿಯೂ ಹಿಂದೆಯೇ ಹತ್ತಿದಳು. ಕದಿರೇಶ್ ಪ್ರಿಂಟರಿನ ಹಿಂಬದಿ ಮುಚ್ಚಳ ತೆಗೆದು, ಮಗುವಿನ ಕಾಲಿನ ಮುಳ್ಳು ತೆಗೆಯುವವನಂತೆ ಎರಡೂ ಕೈಯಿಂದ ಹಾಳೆ ಬಿಡಿಸುತ್ತಿದ್ದ.

"ಮುಂದಿಂದ ಎಳೀಬಾರ್ದು ಮೇಡಂ, ಹರಿದು ಚೂರು ಒಳಗೇ ಉಳ್ಕೊಳ್ಳುತ್ತೆ. ನಿಧಾನ, ನಿಧಾನ..."

"ಅಬ್ಬಾ, ಮೀ ಓಪಿಕಕಿ ದಂಡಂ!" ಎಂದು ಶೋಭಾರಾಣಿ ತೆಲುಗಿನಲ್ಲಿ ಅವನ ತಾಳ್ಮೆ ಹೊಗಳಿ ನಕ್ಕಳು. ಅವನೂ ನಕ್ಕ.

ತಪ್ಪು ಅನ್ನುವಂಥದ್ದು ಅಲ್ಲೇನೂ ಇರಲಿಲ್ಲ. ಅದು ಗಂಗಾಲಕ್ಷ್ಮಿಗೂ ಗೊತ್ತಾಯಿತು. ಆದರೆ ಅವನ ಆ ಮೆತ್ತನೆಯ ದನಿ ತನ್ನ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತು!

ಅಂದಿನಿಂದ ಅವನು ಹತ್ತಿದಾಗಲೆಲ್ಲ ಅವಳೂ ಹತ್ತಿದಳು.

"ನೀನ್ಯಾಕೆ ಬರ್ತೀಯೇ?"

"ಯಾಕೆ, ನೋಡ್ಬಾರ್ದಾ?"

ಬಾಗಿಲಿಗೆ ಒರಗಿ ನಿಂತು, ಪ್ರಿಂಟರಿಗೆ ಅವನು ಮಾಡುವುದನ್ನೆಲ್ಲ ಅವಳು ಗಮನವಿಟ್ಟು ನೋಡಿದಳು.

ಮಕ್ಕಳ ಪರೀಕ್ಷೆ ಹತ್ತಿರವಾದಾಗ, ನಕಲು ತೆಗೆದ ಪ್ರತಿ ಹಾಳೆಯ ಮೇಲೂ ಒಂದೇ ಜಾಗದಲ್ಲಿ ಕಪ್ಪು ಕಲೆ ಬೀಳತೊಡಗಿತು. ಶಾಯಿಯದೇ ದೋಷವೆಂದು ಕದಿರೇಶ್, ಶಾಯಿ ಬರುವ ತೂತುಗಳನ್ನು ಶಾಯಿಯಿಂದಲೇ ತೊಳೆಯುವ ಹೆಡ್ ಕ್ಲೀನಿಂಗ್ ಕೊಟ್ಟ, ಮತ್ತೆ ಕೊಟ್ಟ. ಶಾಯಿ ಇಳಿಯಿತೇ ಹೊರತು ಕಲೆ ಹೋಗಲಿಲ್ಲ. ಮರುದಿನ ಅವನು ಮೀಟಿಂಗಿಗೆಂದು ಕೋಲಾರಕ್ಕೆ ಹೋದ. ಗಂಗಾಲಕ್ಷ್ಮಿ ಒಬ್ಬಳೇ ಮಹಡಿ ಹತ್ತಿದಳು.

"ನಕಲು ಬಿಟ್ಟು ಫೋನಿಂದ ಪ್ರಿಂಟ್ ಕೊಟ್ರೂ ಕಲೆ ಬರುತ್ತಾ?"

ಶೋಭಾರಾಣಿ ಕೊಟ್ಟು ನೋಡಿದಳು. ಹಾಳೆ ಶುಭ್ರವಾಗಿ ಬಂತು.

"ಹಂಗಾದ್ರೆ ಶಾಯಿದಲ್ಲ ಕಣ್ರೀ. ನಕಲು ತೆಗೆಯೋಕೆ ಪುಟ ಇಡ್ತೀರಲ್ಲ, ಆ ಗಾಜಿನ ಮೇಲೇ ಏನೋ ಇರ್ಬೇಕು."

ಮುಚ್ಚಳ ಎತ್ತಿ ನೋಡಿದರೆ ಗಾಜಿಗೆ ಯಾವುದೋ ಮಗುವಿನ ಕೈಯ ಚಾಕೊಲೇಟ್ ಅಂಟಿ ಒಣಗಿತ್ತು. ಗಂಗಾಲಕ್ಷ್ಮಿ ಒದ್ದೆ ಬಟ್ಟೆಯಿಂದ ಒರೆಸಿದಳು. ಈಗ ನಕಲಿನಲ್ಲೂ ಕಲೆ ಇರಲಿಲ್ಲ.

"ನಿಮ್ಮೆಜಮಾನ್ರಿಗೂ ಹೊಳೀಲಿಲ್ವಲ್ರೀ!" ಎಂದು ಶೋಭಾರಾಣಿ ಅವಳನ್ನು ಕೈಹಿಡಿದು ಕೂರಿಸಿ ಕಾಫಿ ಕೊಟ್ಟಳು. "ನಂಗಿಲ್ಲಿ ಬೇರೆ ಯಾರೂ ಗೊತ್ತಿಲ್ಲ. ಅದಕ್ಕೇ ಅವ್ರನ್ನ ಕರೀತಿದ್ದೆ."

"ಇನ್ಮೇಲೆ ನನ್ನನ್ನೇ ಕರೀರಿ," ಎಂದಳು ಗಂಗಾಲಕ್ಷ್ಮಿ. ದನಿಯಲ್ಲಿ ಇನ್ನೂ ಚೂರು ಖಾರವಿತ್ತು.

ಸಂಜೆ ವಿಷಯ ಕೇಳಿ ಕದಿರೇಶನ ಮುಖ ಸಣ್ಣದಾಯಿತು. "ನಂಗೊಂದು ಫೋನ್ ಮಾಡ್ಬಾರ್ದಿತ್ತೇನೇ?"

"ಯಾಕೆ, ಹೊಟ್ಟೆಕಿಚ್ಚಾ?"

"ನಂಗ್ಯಾಕೆ ಹೊಟ್ಟೆಕಿಚ್ಚು!" ಎಂದು ಅವನು ಟಿವಿ ಹಾಕಿಕೊಂಡ. ಊಟಕ್ಕೆ ಕೂತಾಗ ಮಾತ್ರ ತಡೆಯಲಾಗಲಿಲ್ಲ. "ಗಾಜು ಅಂತ ಹೆಂಗೆ ಗೊತ್ತಾಯ್ತೇ?"

ಅವಳು ಬೇಕೆಂದೇ ಒಂದೊಂದನ್ನೇ ಬಿಡಿಸಿ ಹೇಳಿದಳು. ತಟ್ಟೆಯ ಮುದ್ದೆ ಆರುತ್ತಿದ್ದರೂ ಅವನು ಕೇಳುತ್ತಲೇ ಇದ್ದ.